ಒಳ್ಳೆ ಕೇಸು

ನಾನು ಬಿದ್ದದ್ದು ಆಸ್ಪತ್ರೆಯ ಏರುದಾರಿಯಲ್ಲಿ. ಲಿಫ್ಟ್ ಕೆಟ್ಟು ನಾಲ್ಕು ದಿನ ಆಗಿತ್ತು. ನಾನು ತಳ್ಳುತ್ತಿದ್ದ ಟ್ರಾಲಿ ಮೇಲೆ ಹರ್ನಿಯಾ ಆಪರೇಷನ್ನಿಗೆ ಹೊರಟಿದ್ದ ಒಬ್ಬ ದಪ್ಪ ಮನುಷ್ಯ ಮಲಗಿದ್ದ. ಎರಡನೇ ತಿರುವಿಗೆ ಬಂದಾಗ ಕಣ್ಣು ಕತ್ತಲಿಟ್ಟಿತು. ಮತ್ತೆ ಕಣ್ಣು ಬಿಟ್ಟರೆ ನಾನು ಟ್ರಾಲಿ ಮೇಲಿದ್ದೆ. ಆ ದಪ್ಪ ಮನುಷ್ಯ ಒಂದು ಕೈಯಲ್ಲಿ ತನ್ನ ಹಸಿರು ಗೌನಿನ ಹಿಂಭಾಗ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ತಳ್ಳುತ್ತಿದ್ದ.

"ಯಾರಾದ್ರೂ ಬನ್ರಪ್ಪಾ! ಗಾಡಿ ತಳ್ಳೋನೇ ಹೋಗ್ತಾ ಇದ್ದಾನೆ!" ಅಂತ ಕೂಗುತ್ತಿದ್ದ.

ಹತ್ತೊಂಬತ್ತು ವರ್ಷ ಆ ಟ್ರಾಲಿ ತಳ್ಳಿದ್ದೇನೆ. ಅದರ ಮೇಲೆ ಮಲಗಿದ್ದು ಅದೇ ಮೊದಲು. ಬಲಗಡೆ ಮುಂದಿನ ಚಕ್ರ ಪ್ರತಿ ಸುತ್ತಿಗೂ ಒಂದು ಸಲ ಎತ್ತಿ ಕುಕ್ಕುತ್ತೆ ಅಂತ ಆಗಲೇ ಗೊತ್ತಾಯಿತು. ಮಲಗಿದವರು "ಮೆಲ್ಲಗೆ ಮೆಲ್ಲಗೆ" ಅಂದಾಗಲೆಲ್ಲ ನಾನು "ಮೆಲ್ಲಗೇ ಹೋಗ್ತಾ ಇದೀನಲ್ಲ, ಎತ್ಕೊಂಡು ಹೋಗ್ಲಾ?" ಅಂತ ರೇಗಿದ್ದೆ.

ಹೆಸರಿಗೆ ನಾನು ವಾರ್ಡ್ ಬಾಯ್. ಐವತ್ತೆರಡು ವರ್ಷದ ಬಾಯ್. ತಲೆ ನರೆತಿದೆ, ಮುಂದಿನ ಎರಡು ಹಲ್ಲಿಲ್ಲ, ಮಗಳು ಮದುವೆಯಾಗಿ ಹೋಗಿದ್ದಾಳೆ, ಆದರೂ ಬಾಯ್. ಆಸ್ಪತ್ರೆಯಲ್ಲಿ ಎಲ್ಲರೂ ಗಾಡಿ ಅಂತಲೇ ಕರೆಯುತ್ತಾರೆ. "ಏ ಗಾಡಿ, ಎಕ್ಸ್‌ರೇಗೆ ಬಾ." "ಗಾಡಿ, ಹೆಣ ಇದೆ, ಬೇಗ." ನಾನೂ ಬೇಗ ಹೋಗುತ್ತಿದ್ದೆ. ಕೆಲಸ ಕಾಯಂ ಮಾಡಿ ಅಂತ ಏಳು ಸಲ ಆಫೀಸಿಗೆ ಅರ್ಜಿ ಕೊಟ್ಟಿದ್ದೆ. ಏಳು ಸಲವೂ ಒಂದೇ ಉತ್ತರ: "ನೀನು ನಮ್ಮವನಲ್ಲಪ್ಪ, ಕಂಟ್ರಾಕ್ಟರ್ ಕಡೆಯವನು." ಹಲ್ಲು ಕಿರಿದು, ನಮಸ್ಕಾರ ಹೇಳಿ ಬರುತ್ತಿದ್ದೆ. ಇಲ್ಲ ಅಂದವರಿಗೆ ನಮಸ್ಕಾರ ಹೇಳೋದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ತುರ್ತು ಕೋಣೆಯಲ್ಲಿ ಎದೆಗೆ ವೈರ್ ಅಂಟಿಸಿ ಇಸಿಜಿ ಪಟ್ಟಿ ತೆಗೆದರು. ಚಿಕ್ಕ ಡಾಕ್ಟರು ನೋಡಿ, "ಹಾರ್ಟ್ ಬ್ಲಾಕ್. ನಿಮ್ಮ ಹೃದಯದಲ್ಲಿ ಮೇಲಿನ ಕೋಣೆ ಕೊಟ್ಟ ಆರ್ಡರು ಕೆಳಗಿನ ಕೋಣೆಗೆ ತಲುಪ್ತಾ ಇಲ್ಲ. ಕೆಳಗಿನದು ತನಗೆ ತೋಚಿದಷ್ಟು ಬಡಿತಾ ಇದೆ. ನಿಮಿಷಕ್ಕೆ ಮೂವತ್ತೆರಡು" ಅಂದರು.

ನನಗೆ ತಕ್ಷಣ ಅರ್ಥವಾಯಿತು. ಈ ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದವನ ಹೃದಯ ಇನ್ನೇನು ಕಲಿತೀತು?

ಬಲ ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ರಕ್ತನಾಳದೊಳಗೆ ಒಂದು ಸಣ್ಣ ತಂತಿ ತೂರಿಸಿದರು. ಅದು ಒಳಗೊಳಗೇ ಹೃದಯದ ತನಕ ಹೋಯಿತು. ಹೊರಗಿನ ತುದಿಯನ್ನು ಒಂದು ಡಬ್ಬಿಗೆ ಸಿಕ್ಕಿಸಿದರು. ಹಳೇ ರೇಡಿಯೋದಷ್ಟು ಡಬ್ಬಿ. ಅದರ ಮೇಲೆ ತಿರುಗಿಸುವ ಗುಬುಟು, ಒಂದು ಕೆಂಪು ದೀಪ. ಗುಬುಟನ್ನು ಎಪ್ಪತ್ತಕ್ಕೆ ಇಟ್ಟರು. ದೀಪ ಪಿಳಿಪಿಳಿ ಅಂತು, ಎದೆಯೊಳಗೆ ಯಾರೋ ಕಾಲು ಸರಿ ಮಾಡಿಕೊಂಡು ಎದ್ದು ನಿಂತ ಹಾಗಾಯಿತು. ಮೈ ಬಿಸಿಯಾಯಿತು.

"ಇದು ಟೆಂಪರರಿ ಪೇಸ್‌ಮೇಕರ್. ಎರಡು ಮೂರು ದಿನ ಅಷ್ಟೇ. ಆಮೇಲೆ ಎದೆ ಚರ್ಮದ ಕೆಳಗೆ ಪರ್ಮನೆಂಟ್ ಮೆಷಿನ್ ಇಡ್ತೀವಿ" ಅಂದರು ಚಿಕ್ಕ ಡಾಕ್ಟರು.

ಹತ್ತೊಂಬತ್ತು ವರ್ಷದಲ್ಲಿ ಆ ಕಟ್ಟಡದೊಳಗೆ ಪರ್ಮನೆಂಟ್ ಅನ್ನೋ ಮಾತನ್ನು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಮಲಗಿದಲ್ಲೇ ಕೈ ಮುಗಿದೆ. ಅಭ್ಯಾಸಬಲ.

ಹದಿನಾಲ್ಕನೇ ಬೆಡ್ ಕೊಟ್ಟರು. ಬಲಗಾಲು ಮಡಚಬಾರದು, ಏಳಬಾರದು, ಮಗ್ಗುಲು ಹೊರಳಬಾರದು. ತಂತಿ ಸರಿದರೆ ಮುಗೀತು. ಎರಡಕ್ಕೂ ಬೆಡ್‌ಪ್ಯಾನು. ಅದನ್ನು ಇಟ್ಟು ತೆಗೆಯುವವನು ನನ್ನ ಜೊತೆಗೇ ಟ್ರಾಲಿ ತಳ್ಳುವ ಕುಳ್ಳ. ಹನ್ನೊಂದು ವರ್ಷದಿಂದ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು. ಮೊದಲ ದಿನ ಅವನು ಗೋಡೆ ನೋಡಿದ, ನಾನು ಫ್ಯಾನು ನೋಡಿದೆ. ಎರಡನೇ ದಿನ ಅವನು, "ಅಣ್ಣಾ, ನನ್ನ ಮುಂದೆ ಏನು ನಾಚಿಕೆ? ಸೂಪರ್‌ವೈಸರ್ ಬೈಯೋವಾಗ ನೀನು ನಿಂತ್ಕೊಳ್ಳೋ ಭಂಗಿಗಿಂತ ಇದೇ ಎಷ್ಟೋ ಮೇಲು" ಅಂದ. ನಗು ಬಂತು. ನಕ್ಕರೆ ತಂತಿ ಅಲ್ಲಾಡುತ್ತೆ ಅಂತ ಸಿಸ್ಟರ್ ಬೈದರು.

ಮೂರನೇ ದಿನ ಬೆಳಗ್ಗೆ ದೊಡ್ಡ ಡಾಕ್ಟರು ಬಂದರು. ಪಾಠ ಮಾಡುವ ಡಾಕ್ಟರು. ಹಿಂದೆ ಇಪ್ಪತ್ತು ಬಿಳಿ ಕೋಟು. ನನ್ನ ಮುಖ ನೋಡಲಿಲ್ಲ. ಡಬ್ಬಿ ನೋಡಿದರು. ಆಮೇಲೆ ಕತ್ತು ನೋಡಿದರು.

"ಮೆಷಿನ್ ಎಪ್ಪತ್ತಕ್ಕೆ ಓಡ್ತಾ ಇರೋವಾಗ ರೋಗ ಕಾಣಿಸಲ್ಲ. ಇಳಿಸಿದ್ರೇ ಕಾಣೋದು. ಎಲ್ಲರೂ ಕತ್ತಿನ ನರ ನೋಡಿ" ಅಂತ ಗುಬುಟು ತಿರುಗಿಸಿದರು.

ಎಪ್ಪತ್ತು. ಅರವತ್ತು. ಐವತ್ತು. ನಲವತ್ತು. ಬಾವಿಗೆ ಬಿಟ್ಟ ಕೊಡದ ಹಾಗೆ ನಾನು ಇಳಿಯುತ್ತಾ ಹೋದೆ. ಬೆರಳ ತುದಿ ತಣ್ಣಗಾದವು. ಮಾತು ದೂರದಿಂದ ಕೇಳಿಸತೊಡಗಿತು. ಕತ್ತಿನಲ್ಲಿ ಏನೋ ಮೀನು ಹಾರಿದ ಹಾಗೆ ಹಾರಿತು.

"ನೋಡಿ, ನೋಡಿ! ಹಾರಿತಲ್ಲ! ಪುಸ್ತಕದಲ್ಲಿ ಓದಿದ್ದು ಇದೇ. ಎಂಥ ಒಳ್ಳೆ ಕೇಸು!"

ಇಪ್ಪತ್ತು ಜನ ನನ್ನ ಕತ್ತಿನ ಮೇಲೆ ಬಗ್ಗಿದರು. ಒಬ್ಬೊಬ್ಬರಾಗಿ ನಾಡಿ ಹಿಡಿದರು. ಅಷ್ಟು ಹೊತ್ತೂ ಗುಬುಟು ನಲವತ್ತರ ಕೆಳಗೇ ಇತ್ತು. ನಿಜ ಹೇಳುತ್ತೇನೆ, ಆ ದಿನ ನನಗೆ ಹೆಮ್ಮೆಯಾಯಿತು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಒಳ್ಳೆಯ ಯಾವುದಕ್ಕೂ ಉದಾಹರಣೆಯಾಗಿ ಕೊಟ್ಟಿರಲಿಲ್ಲ. ಕತ್ತು ಚೆನ್ನಾಗಿ ಕಾಣಲಿ ಅಂತ ಗದ್ದ ಎತ್ತಿಕೊಟ್ಟೆ.

ಸಂಜೆ ಹೆಂಡತಿ ಬಂದಾಗ ಹೇಳಿದೆ. ಅವಳು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಇನ್ನೂರು ತಟ್ಟೆ ತೊಳೆದ ಕೈಯನ್ನು ಸೀರೆಗೆ ಒರೆಸುತ್ತಾ ಕೇಳಿಸಿಕೊಂಡಳು.

"ಗದ್ದ ಎತ್ತಿಕೊಟ್ಟೆಯಾ?"

"ಹೂಂ."

"ನಾಳೆ ಶರ್ಟೂ ಇಸ್ತ್ರಿ ಮಾಡಿ ತರ್ತೀನಿ" ಅಂದಳು.

ಮರುದಿನವೂ ಬಂದರು. ಅದರ ಮರುದಿನವೂ. ಒಂದು ಗುಂಪು ಹೋದರೆ ಇನ್ನೊಂದು. ಎಪ್ಪತ್ತರಿಂದ ನಲವತ್ತಕ್ಕೆ, ನಲವತ್ತರಿಂದ ಎಪ್ಪತ್ತಕ್ಕೆ. ಇಳಿಸುವ ಮುಂಚೆ ಯಾರೂ ಹೇಳುತ್ತಿರಲಿಲ್ಲ. ಒಂದು ದಿನ ಬಾಯಲ್ಲಿ ಬ್ರೆಡ್ಡಿರುವಾಗ ಇಳಿಸಿದರು. ಬ್ರೆಡ್ಡು ಬಾಯಲ್ಲೇ ನಿಂತಿತು, ನುಂಗಬೇಕು ಅನ್ನೋದೇ ಮರೆತುಹೋಯಿತು. ಹೆಮ್ಮೆ ಎರಡೇ ದಿನಕ್ಕೆ ಇಳಿದಿತ್ತು. ಅದಕ್ಕೆ ಗುಬುಟು ಬೇಕಾಗಲಿಲ್ಲ.

ಪರ್ಮನೆಂಟ್ ಯಾವಾಗ ಅಂತ ಕೇಳಿದರೆ ಚಿಕ್ಕ ಡಾಕ್ಟರು, "ಫೈಲು ಮೇಲೆ ಹೋಗಿದೆ" ಅನ್ನುತ್ತಿದ್ದರು. ಹೆಂಡತಿ ಕೆಲಸ ಬಿಟ್ಟು ಆಫೀಸಿಗೆ ಹೋಗಿ ಕೇಳಿದರೆ ಗುಮಾಸ್ತ, "ಇಲ್ಲಿಗೆ ಬಂದಿಲ್ಲಮ್ಮ, ವಾರ್ಡಲ್ಲೇ ಇರುತ್ತೆ" ಅಂದ. ಅವಳು ಮೂರು ದಿನ ಮೇಲೆ ಕೆಳಗೆ ಹತ್ತಿ ಇಳಿದಳು. ಲಿಫ್ಟ್ ಆಗಲೂ ಕೆಟ್ಟಿತ್ತು.

ಎಂಟನೇ ದಿನ ದೊಡ್ಡ ಡಾಕ್ಟರು ಕನ್ನಡಕ ಹಾಕಿದ್ದ ಒಬ್ಬ ಹುಡುಗಿಗೆ, "ನೀನು ಇಳಿಸು" ಅಂದರು. ಅವಳು ಹೆದರಿದ್ದಳು. ಹೆದರಿದವರು ಎಲ್ಲವನ್ನೂ ಬೇಗ ಮುಗಿಸುತ್ತಾರೆ. ಗುಬುಟನ್ನು ಒಂದೇ ಸಲಕ್ಕೆ ತಿರುಗಿಸಿಬಿಟ್ಟಳು.

ನಾನು ಇರಲಿಲ್ಲ. ಎಷ್ಟು ಹೊತ್ತು ಇರಲಿಲ್ಲ ಅಂತ ಗೊತ್ತಿಲ್ಲ. ಸಿಸ್ಟರ್ ಹೇಳಿದ ಪ್ರಕಾರ ಒಂಬತ್ತು ಸೆಕೆಂಡು ಎದೆ ಬಡಿಯಲೇ ಇಲ್ಲ. ಕೈಕಾಲು ಅದುರಿದವಂತೆ. ಸಿಸ್ಟರ್ ಓಡಿ ಬಂದು, ಹುಡುಗಿಯನ್ನು ತಳ್ಳಿ, ಗುಬುಟು ಮೇಲೇರಿಸಿದರಂತೆ. ನನಗೆ ಎಚ್ಚರ ಬಂದಾಗ ತೊಡೆ ಬೆಚ್ಚಗಿತ್ತು. ಹಾಸಿಗೆ ಒದ್ದೆಯಾಗಿತ್ತು. ಇಪ್ಪತ್ತು ಜನರೂ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಮುಚ್ಚಿ ಕಿಸಕ್ ಅಂದರು.

ದೊಡ್ಡ ಡಾಕ್ಟರು ಹುಡುಗಿಗೆ, "ನಿಧಾನಕ್ಕೆ ಇಳಿಸಬೇಕು. ಆಗ ಅವನ ಸ್ವಂತ ಬಡಿತ ಏಳುತ್ತೆ. ಇದೂ ಒಂದು ಪಾಠ" ಅಂದರು. ಮುಂದಿನ ಬೆಡ್ಡಿಗೆ ಹೋದರು.

ಹುಡುಗಿ ಅಲ್ಲೇ ನಿಂತಿದ್ದಳು. ನಾನು ಏನು ಮಾಡಿದೆ ಗೊತ್ತಾ? "ಸಾರಿ ಮೇಡಂ" ಅಂದೆ. ಎದೆ ನಿಂತದ್ದು ನನ್ನದು, ಉಚ್ಚೆ ಹೊಯ್ದುಕೊಂಡದ್ದು ನಾನು, ಸಾರಿ ಕೇಳಿದ್ದೂ ನಾನೇ. ಇಂಥ ಆಳು ಯಾವ ಕಂಟ್ರಾಕ್ಟರಿಗೆ ಸಿಗುತ್ತಾನೆ?

ಕುಳ್ಳ ಬಂದು ಬಟ್ಟೆ ಬದಲಿಸಿದ. ಆ ದಿನ ಅವನು ತಮಾಷೆ ಮಾಡಲಿಲ್ಲ.

ಮರುದಿನ ಸಿಸ್ಟರ್ ತೊಡೆಸಂದಿಯ ಬ್ಯಾಂಡೇಜು ಬದಲಿಸುವಾಗ ಹಲ್ಲು ಕಚ್ಚಿ ಗೊಣಗಿದರು. "ಹುಣ್ಣಿನ ಸುತ್ತ ಕೆಂಪಾಗ್ತಾ ಇದೆ. ಈ ತಂತಿ ಇಷ್ಟು ದಿನ ಇರಬಾರದು."

"ಪರ್ಮನೆಂಟ್ ಬರಬೇಕಲ್ಲ ಸಿಸ್ಟರ್" ಅಂದೆ.

ಅವರು ಕೈ ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. "ಅದು ಬಂದು ಆರು ದಿನ ಆಯ್ತು. ನನ್ನ ಕಪಾಟಿನಲ್ಲೇ ಇದೆ. ನಿನ್ನ ಹೆಸರಿನ ಚೀಟಿ ಅಂಟಿಸಿದೆ."

"ಮತ್ತೆ?"

"ಇನ್ನು ನಾಲ್ಕು ದಿನಕ್ಕೆ ಪರೀಕ್ಷೆ ಇದೆ ಕಣಪ್ಪ. ಹೊರಗಿಂದ ಪರೀಕ್ಷಕರು ಬರ್ತಾರೆ. ನೀನು ಕೇಸು. ಮೆಷಿನ್ ಒಳಗೆ ಇಟ್ಟುಬಿಟ್ರೆ ತೋರಿಸೋದಕ್ಕೆ ಏನು ಉಳೀತು?"

ನನಗೆ ಕೋಪ ಬರಬೇಕಿತ್ತು. ಮೊದಲು ಬಂದದ್ದು ನಾಚಿಕೆ. ಯಾಕೆ ಅಂದರೆ ಪರೀಕ್ಷೆಗೆ ಕೇಸು ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರತಿ ವರ್ಷ ಅವರನ್ನು ಪರೀಕ್ಷೆಯ ಹಾಲಿಗೆ ತಳ್ಳಿಕೊಂಡು ಹೋದವನು ನಾನೇ. ಹೊಟ್ಟೆ ಉಬ್ಬಿದವರು, ಉಸಿರು ಕಟ್ಟಿದವರು, ಕಾಲು ಊದಿದವರು. ಯಾಕೆ ಹೋಗಬೇಕು ಅಂತ ಕೇಳಿದವರಿಗೆ, "ಸ್ವಲ್ಪ ಹೊತ್ತು ಅಷ್ಟೇ, ನಿಮಗೇನು ಗಂಟು ಹೋಗುತ್ತೆ? ಬ್ರೆಡ್ಡು ಹಾಲು ಕೊಡ್ತಾರೆ" ಅಂದಿದ್ದೆ. ಮನೆಗೆ ಹೋಗಬೇಕು ಅಂತ ಅತ್ತ ಒಬ್ಬ ಹೆಂಗಸಿಗೆ, "ಓಸಿ ಔಷಧಿ ಬೇಕು, ಇಷ್ಟು ಮಾಡೋಕೆ ಆಗಲ್ವಾ?" ಅಂತ ಗದರಿದ್ದೆ. ಅವಳ ಮುಖ ನೆನಪಿಲ್ಲ. ಗದರಿದ್ದು ನೆನಪಿದೆ. ಚೆನ್ನಾಗಿ ಗದರಿದ್ದೆ. ದೊಡ್ಡ ಡಾಕ್ಟರು ಕೇಳಿಸಿಕೊಂಡು ತಲೆಯಾಡಿಸಿದ್ದರು, ಅದಕ್ಕೆ ಇಡೀ ದಿನ ಉಬ್ಬಿಕೊಂಡು ಓಡಾಡಿದ್ದೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಸ್ಟೂಲಿನಿಂದ ಎದ್ದಳು.

"ಎಲ್ಲಿದ್ದಾನೆ ಅವನು?"

"ಯಾರು?"

"ನಿನ್ನ ದೊಡ್ಡ ಡಾಕ್ಟರು. ನಿನ್ನ ಎದೆ ಏನು ಅವನ ಮನೆ ರೇಡಿಯೋನಾ, ಬೇಕಾದಾಗ ಜೋರು, ಬೇಡವಾದಾಗ ಸಣ್ಣ ಮಾಡೋಕೆ?"

"ಮೆಲ್ಲಗೆ ಮಾತಾಡೇ."

"ನೀನು ಮೆಲ್ಲಗೆ ಮಾತಾಡಿ ಮಾತಾಡಿಯೇ ಎದೆ ಹಿಂಗಾಗಿದ್ದು."

ಹೋಗಿ ಕೇಳಿಯೇಬಿಟ್ಟಳು. ಕಾರಿಡಾರಿನಲ್ಲಿ ಅಡ್ಡ ನಿಂತು ಕೇಳಿದಳಂತೆ. ದೊಡ್ಡ ಡಾಕ್ಟರು ಸಮಾಧಾನವಾಗಿ, "ಮುಂದಿನ ವಾರ ಇಡ್ತೀವಮ್ಮ. ಡಬ್ಬಿ ಇರೋವರೆಗೂ ಅವನಿಗೆ ಏನೂ ಆಗಲ್ಲ. ನಾಳೆ ಸಾವಿರ ಜನರನ್ನ ಉಳಿಸೋ ಡಾಕ್ಟರುಗಳು ಇವರು. ಕಲಿಯೋದು ಬೇಡವಾ?" ಅಂದರಂತೆ. ಅವಳು, "ನಿಮ್ಮ ತಮ್ಮನ ಎದೆ ಇಳಿಸಿ ಕಲಿಸಿ" ಅಂದಳಂತೆ. ಗಾರ್ಡನ್ನು ಕರೆದರು. ಗಾರ್ಡ್ ನಮ್ಮ ಪೈಕಿಯವನೇ, ಅದೇ ಕಂಟ್ರಾಕ್ಟರ್ ಕಡೆಯವನು. "ಅತ್ತಿಗೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಅಂತ ಕೈ ಮುಗಿದು ಹೊರಗೆ ಬಿಟ್ಟ. ಆಮೇಲೆ ಭೇಟಿಯ ಹೊತ್ತಿನಲ್ಲೂ ಅವಳನ್ನು ಒಳಗೆ ಬಿಡಲಿಲ್ಲ.

ಹನ್ನೊಂದನೇ ದಿನ ಜ್ವರ ಬಂತು. ಸಿಸ್ಟರ್ ಚಾರ್ಟಿನಲ್ಲಿ ಕೆಂಪು ಇಂಕಿನಲ್ಲಿ ಬರೆದರು. ಇಂಜೆಕ್ಷನ್ ಶುರು ಮಾಡಿದರು. ತಂತಿ ತೆಗೆಯಲಿಲ್ಲ.

ನಾನು ಮಲಗಿಕೊಂಡು ಧೈರ್ಯ ಮಾಡುವ ಅಭ್ಯಾಸ ಮಾಡಿದೆ. ಬೇಡ ಅಂತ ಹೇಳಬೇಕು, ಅಷ್ಟೇ. ಎರಡಕ್ಷರ. ಮನಸ್ಸಿನಲ್ಲಿ ಹೇಳಿದರೆ ಚೆನ್ನಾಗಿ ಬರುತ್ತಿತ್ತು. ಬಾಯಿ ತೆರೆದು ಹೇಳಿ ನೋಡೋಣ ಅಂತ ಕುಳ್ಳನ ಮೇಲೆ ಪ್ರಯೋಗ ಮಾಡಿದೆ. ಅವನು ನೀರು ಕೊಟ್ಟ.

"ಬೇಡ" ಅಂದೆ.

"ಯಾಕಣ್ಣಾ, ಬಾಯಾರಿಕೆ ಅಂದೆಯಲ್ಲ?"

"ಹೌದು, ಕೊಡು" ಅಂತ ಇಸಕೊಂಡು ಕುಡಿದೆ.

ಹದಿಮೂರನೇ ದಿನ ಬೆಳಗ್ಗೆ ಒಗೆದ ಹೊದಿಕೆ ಬಂತು. ಬ್ರೆಡ್ಡು ಹಾಲು ಬಂತು. ಟ್ರಾಲಿ ತಂದವನು ಕುಳ್ಳ. ಡಬ್ಬಿಯನ್ನು ನನ್ನ ಹೊಟ್ಟೆಯ ಮೇಲಿಟ್ಟ. ನನ್ನ ಮುಖ ನೋಡದೆ, "ಸ್ವಲ್ಪ ಹೊತ್ತು ಅಷ್ಟೇ ಅಣ್ಣಾ" ಅಂದ. ಆ ಮಾತನ್ನು ಅವನಿಗೆ ಹೇಳಿಕೊಟ್ಟವನು ನಾನೇ.

ಪರೀಕ್ಷೆಯ ಹಾಲ್‌ನಲ್ಲಿ ಹಸಿರು ಪರದೆ ಕಟ್ಟಿ ಎಂಟು ಗೂಡು ಮಾಡಿದ್ದರು. ಮೂರನೆಯದರಲ್ಲಿ ನನ್ನನ್ನು ಮಲಗಿಸಿದರು. ಪಕ್ಕದ ಗೂಡಿನಲ್ಲಿ ಹನ್ನೆರಡನೇ ಬೆಡ್ಡಿನ ಅಜ್ಜ. ಅವನ ಹೊಟ್ಟೆಯಲ್ಲಿ ಏನೋ ಊದಿಕೊಂಡಿತ್ತು, ಅದಕ್ಕೆ ಅವನೂ ಒಳ್ಳೆ ಕೇಸು. ಮೂರು ವಾರದಿಂದ ಮನೆಗೆ ಕಳಿಸಿ ಅಂತ ಗೋಗರೆಯುತ್ತಿದ್ದ.

ಪರದೆ ಸರಿಸಿ ಒಳಗೆ ಬಂದದ್ದು ಆ ಕನ್ನಡಕದ ಹುಡುಗಿ. ನನ್ನನ್ನು ನೋಡಿ ನಿಂತುಬಿಟ್ಟಳು. ಯಾರಿಗೆ ಯಾವ ಕೇಸು ಅಂತ ಚೀಟಿ ಎತ್ತಿದಾಗ ಅವಳ ಪಾಲಿಗೆ ನಾನು ಬಂದಿದ್ದೆ. ಅವಳ ಅದೃಷ್ಟ ನೋಡಿ.

ನಲವತ್ತೈದು ನಿಮಿಷ ನನ್ನನ್ನು ಕೇಳಿ, ಮುಟ್ಟಿ, ರೋಗ ಕಂಡುಹಿಡಿದು, ಪರೀಕ್ಷಕರಿಗೆ ಹೇಳಬೇಕು. ಅವಳು ಪೆನ್ನು ತೆಗೆದಳು. "ಅಂಕಲ್, ನಿಮ್ಮ ತೊಂದರೆ ಏನು? ಯಾವಾಗ ಶುರುವಾಯ್ತು?"

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಪೆನ್ನು ಹಿಡಿದುಕೊಂಡು ಯಾರೂ ಕೇಳಿರಲಿಲ್ಲ. ಹೇಳಿದೆ. ಏರುದಾರಿಯಲ್ಲಿ ಬಿದ್ದದ್ದು ಹೇಳಿದೆ. ಮೆಷಿನ್ ಕಪಾಟಿನಲ್ಲಿ ಕೂತು ಹತ್ತು ದಿನ ಆದದ್ದು ಹೇಳಿದೆ. ಯಾಕೆ ಕೂತಿದೆ ಅಂತ ಹೇಳಿದೆ. ಹೆಂಡತಿಯನ್ನು ಹೊರಗೆ ಹಾಕಿದ್ದು, ಜ್ವರ, ಎಲ್ಲ. ಎಂಟನೇ ದಿನದ್ದು ಹೇಳುವಾಗ ಅವಳು ಬರೆಯೋದು ನಿಲ್ಲಿಸಿದಳು.

"ಬರೀರಿ ಮೇಡಂ. ಅದೂ ತೊಂದರೆಯೇ ತಾನೇ?" ಅಂದೆ.

ಬರೆದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಮತ್ತೆ ಬರೆದಳು.

ಚಿಕ್ಕ ಡಾಕ್ಟರು ಪರದೆಯೊಳಗೆ ಬಂದರು. "ಪರೀಕ್ಷಕರು ಬರ್ತಾ ಇದ್ದಾರೆ. ಇಳಿಸಿಬಿಡ್ತೀನಿ, ಬೇಗ ಕತ್ತು ನೋಡಿಕೋ" ಅಂತ ಗುಬುಟಿಗೆ ಕೈ ಹಾಕಿದರು.

ನನ್ನ ಕೈ ಅಲ್ಲಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ. ಎರಡೂ ಕೈ ಡಬ್ಬಿಯನ್ನು ಅವುಚಿಕೊಂಡಿದ್ದವು.

"ಕೈ ತೆಗಿ."

"ಬೇಡ."

"ಏನು ಬೇಡ?"

"ಇಳಿಸೋದು ಬೇಡ."

"ಗಾಡಿ, ತಮಾಷೆ ಮಾಡಬೇಡ. ಪರೀಕ್ಷೆ ಇದು."

"ನನಗಲ್ಲ ಸಾರ್."

ದನಿ ಕೀರಲಾಗಿತ್ತು. ಪ್ರತಿಭಟನೆ ಮಾಡುವವರ ದನಿ ಹಾಗಿರೋದಿಲ್ಲ, ನಾನು ಟೀವಿಯಲ್ಲಿ ನೋಡಿದ್ದೇನೆ. ಅವರು ಎದ್ದು ನಿಂತಿರುತ್ತಾರೆ, ಮುಷ್ಟಿ ಎತ್ತಿರುತ್ತಾರೆ. ನಾನು ಬೆನ್ನ ಮೇಲೆ ಮಲಗಿದ್ದೆ. ಮೈಮೇಲೆ ಹಿಂದೆ ಗಂಟು ಹಾಕುವ ಗೌನು. ಬೆವರಿಗೆ ಡಬ್ಬಿ ಜಾರುತ್ತಿತ್ತು.

ದೊಡ್ಡ ಡಾಕ್ಟರು ಬಂದರು. ಜೊತೆಗೆ ಹೊರಗಿಂದ ಬಂದ ಪರೀಕ್ಷಕರು, ತೆಳ್ಳಗಿನ ವಯಸ್ಸಾದ ಮನುಷ್ಯ. ದೊಡ್ಡ ಡಾಕ್ಟರು ಒಂದು ಕ್ಷಣದಲ್ಲಿ ವಿಷಯ ತಿಳಿದುಕೊಂಡರು. ಮುಖದಲ್ಲಿ ನಗು ತಂದುಕೊಂಡರು.

"ಏನಪ್ಪಾ ಇದು? ನೀನು ನಮ್ಮ ಆಸ್ಪತ್ರೆಯವನೇ ಅಲ್ವಾ? ಹೊರಗಿನವರ ಮುಂದೆ ನಮ್ಮ ಮರ್ಯಾದೆ ಕಳೀತೀಯಾ?"

ಎದೆಯೊಳಗೆ ಎಪ್ಪತ್ತೇ ಬಡಿಯುತ್ತಿತ್ತು. ಕೋಪ ಬಂದರೂ ಎಪ್ಪತ್ತು, ಹೆದರಿದರೂ ಎಪ್ಪತ್ತು. ಅದರಿಂದಲೇ ಮಾತು ಸಮನಾಗಿ ಬಂತು ಅನ್ನಿಸುತ್ತೆ.

"ಏಳು ಅರ್ಜಿ ಕೊಟ್ಟಿದೀನಿ ಸಾರ್. ಏಳು ಸಲವೂ ನೀನು ನಮ್ಮವನಲ್ಲ ಅಂದಿದೀರಿ. ಇವತ್ತು ಮಾತ್ರ ನಿಮ್ಮವನಾ? ನಾನು ಕಂಟ್ರಾಕ್ಟರ್ ಕಡೆಯವನು. ನನ್ನ ಎದೆ ಅವನ ಕಡೆಯದೂ ಅಲ್ಲ, ನಿಮ್ಮ ಕಡೆಯದೂ ಅಲ್ಲ. ಇಳಿಸಬೇಡಿ."

"ಜ್ವರದಲ್ಲಿ ಏನೋ ಬಡಬಡಿಸ್ತಾ ಇದ್ದಾನೆ" ಅಂದರು ದೊಡ್ಡ ಡಾಕ್ಟರು.

"ಜ್ವರ ಇದೆಯಾ?" ಅಂತ ಹೊರಗಿನವರು ಕೇಳಿದರು. ಹುಡುಗಿಯ ಕಡೆ ತಿರುಗಿದರು. "ನೀನು ಹೇಳಮ್ಮ. ಹಿಸ್ಟರಿ ಏನು?"

ಅವಳು ಕಾಗದ ನೋಡಿದಳು. ದೊಡ್ಡ ಡಾಕ್ಟರನ್ನು ನೋಡಿದಳು. ಅವರು ಕಣ್ಣಲ್ಲೇ ಏನೋ ಹೇಳಿದರು. ನನಗೇ ಅರ್ಥವಾಯಿತು, ಅವಳಿಗೆ ಆಗದಿರುತ್ತದೆಯೇ? ಅವಳು ಓದತೊಡಗಿದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನಾನು ಹೇಳಿದ್ದನ್ನೆಲ್ಲ ಓದಿದಳು. ಕಪಾಟು, ಜ್ವರ, ಹೆಂಡತಿ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ಎಂಟನೇ ದಿನ ರೇಟು ಇಳಿಸಿದಾಗ ರೋಗಿಗೆ ಪ್ರಜ್ಞೆ ತಪ್ಪಿತು. ಇಳಿಸಿದ್ದು ನಾನು" ಅಂದಳು.

"ಕತ್ತಿನ ನರ?" ಅಂತ ಹೊರಗಿನವರು ಮೆಲ್ಲಗೆ ಕೇಳಿದರು.

"ನೋಡಿಲ್ಲ ಸರ್. ರೋಗಿ ಬೇಡ ಅಂದರು."

ಹೊರಗಿನವರು ನನ್ನ ಚಾರ್ಟು ತೆಗೆದು ಕೆಂಪು ಇಂಕು ನೋಡಿದರು. ಹೊದಿಕೆ ಸರಿಸಿ ತೊಡೆ ನೋಡಿದರು. ಮತ್ತೆ ಹೊದಿಸಿದರು. ದೊಡ್ಡ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿ ಮುಂದಿನ ಗೂಡಿಗೆ ಹೋದರು. ಆ ಎರಡು ಮಾತು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೆದ್ದೆನೋ ಸೋತೆನೋ ಗೊತ್ತಾಗದೆ ಡಬ್ಬಿ ಅವುಚಿಕೊಂಡೇ ಮಲಗಿದ್ದೆ. ಕುಳ್ಳ ಬಂದು, "ಅಣ್ಣಾ, ಕೈ ಬಿಡು, ಎಲ್ಲರೂ ಹೋದರು" ಅಂದ ಮೇಲೆ ಬಿಟ್ಟೆ. ಅವನು ಅಳುತ್ತಿದ್ದ. ಟ್ರಾಲಿಯನ್ನು ಯಾವತ್ತೂ ಇಲ್ಲದಷ್ಟು ಮೆಲ್ಲಗೆ ತಳ್ಳಿದ.

ಅದೇ ಮಧ್ಯಾಹ್ನ ತೊಡೆಯ ತಂತಿ ತೆಗೆದು ಕತ್ತಿನಿಂದ ಹೊಸದು ಹಾಕಿದರು. ಹಳೇ ಜಾಗ ಕೀವಾಗಿತ್ತು. ಜ್ವರ ಪೂರ್ತಿ ಇಳಿಯದೆ ಮೆಷಿನ್ ಇಡುವಂತಿಲ್ಲ ಅಂದರು. ಮೂರನೇ ದಿನ ಮುಗಿಯಬೇಕಿದ್ದ ಕೆಲಸ ಇಪ್ಪತ್ತೊಂದನೇ ದಿನ ಆಯಿತು. ಎಡ ಹೆಗಲ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು. ಆ ಎಂಟು ದಿನದಲ್ಲಿ ಯಾರೂ ಗುಬುಟು ಮುಟ್ಟಲಿಲ್ಲ. ಸಿಸ್ಟರ್ ಮಾತ್ರ ಬ್ಯಾಟರಿ ಬದಲಿಸಿದರು, ಅದೂ "ಈಗ ಬದಲಿಸ್ತೀನಿ, ಎರಡು ಸೆಕೆಂಡು" ಅಂತ ಹೇಳಿ. ಪರೀಕ್ಷೆಯ ಎರಡನೇ ದಿನ ಹನ್ನೆರಡನೇ ಬೆಡ್ಡಿನ ಅಜ್ಜನೂ, "ನನ್ನ ಹೊಟ್ಟೇನ ಯಾರೂ ಒತ್ತಬೇಡಿ" ಅಂತ ಮಗ್ಗುಲಾದನಂತೆ. ಸಂಜೆಯೇ ಅವನನ್ನು ಡಿಸ್ಚಾರ್ಜ್ ಮಾಡಿಬಿಟ್ಟರು. ಶಿಕ್ಷೆ ಅಂತ ಮಾಡಿದ್ದು. ಅಜ್ಜ ನಗುತ್ತಾ ಹೋದ. ಹೊಟ್ಟೆ ಹಾಗೇ ಇತ್ತು.

ನನ್ನ ಸೂಪರ್‌ವೈಸರ್ ಒಂದು ಕಾಗದ ಹಿಡಿದುಕೊಂಡು ಬಂದ. "ಎದೆಯಲ್ಲಿ ಮೆಷಿನ್ ಇಟ್ಟುಕೊಂಡವನು ಭಾರ ತಳ್ಳೋಕಾಗಲ್ಲ. ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತೀನಿ ಅಂತ ಸಹಿ ಹಾಕು."

"ಎಡಗೈ ಎತ್ತಬಾರದು ಅಂದಿದಾರೆ ಸಾರ್, ಆರು ವಾರ" ಅಂದೆ.

ಅವನು ಗೊಣಗುತ್ತಾ ಹೋದ. ನಾನು ಬರೆಯೋದು ಬಲಗೈಯಲ್ಲಿ. ಹತ್ತೊಂಬತ್ತು ವರ್ಷ ಪ್ರತಿ ತಿಂಗಳು ಅವನ ಮುಂದೆ ಸಹಿ ಹಾಕಿದ್ದೇನೆ. ಅವನು ನೋಡಿರಲಿಲ್ಲ. ಆರು ವಾರದ ನಂತರ ಏನು ಅಂತ ನಾನು ಯೋಚನೆ ಮಾಡಿರಲಿಲ್ಲ. ಆಮೇಲೆ ಕೆಲಸ ಹೋಯಿತು, ಸಹಿ ಇಲ್ಲದೆಯೇ. ಅದು ಬೇರೆ ಕಥೆ, ಬೇರೆ ಆಫೀಸು, ಬೇರೆ ಅರ್ಜಿ. ಇನ್ನೂ ಓಡಾಡುತ್ತಾ ಇದ್ದೇನೆ. ಈಗ ಕೈ ಮುಗಿಯುವುದಿಲ್ಲ. ಅದಕ್ಕೇ ಇನ್ನೂ ತಡವಾಗುತ್ತಿದೆ ಅಂತ ಕುಳ್ಳ ಹೇಳುತ್ತಾನೆ.

ಮನೆಗೆ ಹೊರಡುವ ದಿನ ಆ ಹುಡುಗಿ ಬಂದಳು. ಕೋಟು ಇರಲಿಲ್ಲ, ಸ್ಟೆತಸ್ಕೋಪು ಮಾತ್ರ ಕೈಯಲ್ಲಿತ್ತು. ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ಪಾಸಾಯ್ತಾ ಮೇಡಂ?" ಅಂದೆ.

"ಇಲ್ಲ ಅಂಕಲ್. ಆರು ತಿಂಗಳು ಬಿಟ್ಟು ಮತ್ತೆ ಬರೀಬೇಕು."

ಸಾರಿ ಅನ್ನೋದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅವಳೇ ಅಂದಳು:

"ಆ ದಿನದ್ದು... ನನ್ನ ತಪ್ಪು. ಕ್ಷಮಿಸಿ." ಸ್ಟೆತಸ್ಕೋಪು ಎತ್ತಿ ತೋರಿಸಿ, "ಈಗ ಹೇಗೆ ಬಡೀತಿದೆ ಅಂತ ಒಂದು ಸಲ ಕೇಳಬಹುದಾ?" ಅಂದಳು.

ಅದಕ್ಕೂ ಮುಂಚೆ ನೂರು ಜನ ನನ್ನ ಎದೆಗೆ ಕಿವಿ ಇಟ್ಟಿದ್ದರು. ಕೇಳಬಹುದಾ ಅಂತ ಒಬ್ಬರೂ ಕೇಳಿರಲಿಲ್ಲ.

"ಬೇಡ" ಅಂದೆ.

ಹೆಂಡತಿ ಚೀಲ ಬಿಟ್ಟು ನನ್ನನ್ನು ನೋಡಿದಳು. ಹುಡುಗಿಯ ಮುಖ ಸಣ್ಣದಾಯಿತು. ಇನ್ನೊಂದು ಸಲ ಕೇಳುತ್ತಾಳೆ, ಆಗ ಸರಿ ಅನ್ನೋಣ ಅಂತ ನಾನು ಶರ್ಟಿನ ಗುಂಡಿಗೆ ಕೈ ಹಾಕಿಕೊಂಡು ಕೂತಿದ್ದೆ.

"ಸರಿ ಅಂಕಲ್" ಅಂದಳು. ಸ್ಟೆತಸ್ಕೋಪನ್ನು ಮಡಚಿ ಬ್ಯಾಗಿನೊಳಗೆ ಹಾಕಿದಳು. "ಹುಷಾರಾಗಿರಿ." ಹೋದಳು.

ಹೆಂಡತಿ ಸಿಟ್ಟಿನಿಂದ, "ಪಾಪ, ನಿನಗೋಸ್ಕರ ಒಂದು ಪರೀಕ್ಷೆ ಕಳಕೊಂಡಿದ್ದಾಳೆ ಆ ಮಗು. ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು.

"ಏನೂ ಇಲ್ಲ."

"ಮತ್ತೆ ಯಾಕೆ ಬೇಡ ಅಂದೆ?"

"ಬೇಡ ಅಂದ್ರೆ ಬಿಡ್ತಾರಾ ಅಂತ ನೋಡಬೇಕಿತ್ತು ಕಣೇ."

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಬಿಟ್ಟಳಲ್ಲ" ಅಂದಳು.

"ಹೂಂ" ಅಂದೆ. "ಬಿಟ್ಟಳು."